ಸಿಜಿಎ ತಿಂಗಳ ಲೆಕ್ಕ: ಅಂಕಿ ಗಟ್ಟಿ, ಶೇಕಡಾವಾರು ಕಾಲಂ ಮಾತ್ರ ಪೊಳ್ಳು

ಕೇಂದ್ರ ಸರ್ಕಾರದ ವಿತ್ತೀಯ ಕೊರತೆ, ಅಂದರೆ ಸಾಲ ಬಿಟ್ಟು ಬಂದ ಜಮೆಯನ್ನು ಮೀರಿದ ಖರ್ಚು, ವರ್ಷದ ಕೊನೆಗೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಮೊದಲೇ ಲೆಕ್ಕ ಹಾಕಲು ದುಬಾರಿ ಡೇಟಾಬೇಸ್‌ನ ಚಂದಾ ಬೇಕಿಲ್ಲ. ಹಣಕಾಸು ಸಚಿವಾಲಯದ ವೆಚ್ಚ ಇಲಾಖೆಯ ಕೆಳಗಿರುವ ಮಹಾ ಲೆಕ್ಕ ನಿಯಂತ್ರಕರ ಕಚೇರಿ, ಎಲ್ಲರೂ ಕರೆಯುವಂತೆ ಸಿಜಿಎ, ಪ್ರತಿ ತಿಂಗಳ ಕೊನೆಗೆ ಹಿಂದಿನ ತಿಂಗಳವರೆಗಿನ ಕೇಂದ್ರದ ಜಮಾ-ಖರ್ಚನ್ನು ತನ್ನ ವೆಬ್‌ಸೈಟಿಗೆ ಹಾಕುತ್ತದೆ. ನೋಂದಣಿ ಇಲ್ಲ, ಶುಲ್ಕ ಇಲ್ಲ. ಪಕ್ಕದಲ್ಲಿ ಬಜೆಟ್ ಪತ್ರಗಳನ್ನು ಇಟ್ಟುಕೊಂಡರೆ ಅಂದಾಜಿಗೆ ಬೇಕಾದ ಸಾಮಗ್ರಿಯ ಬಹುಪಾಲು ಕೈಗೆ ಸಿಕ್ಕಂತೆ. ಮುನ್ನಂದಾಜಿನ ಸಾಧನವಾಗಿ ಈ ಸೇವೆ ಎಷ್ಟು ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಈ ವಿಮರ್ಶೆ.

ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಅಂಕಿಗಳು ಗಟ್ಟಿ. 2023-24ರ ವಿತ್ತೀಯ ಕೊರತೆ ₹16,53,670 ಕೋಟಿ ಎಂದು ಸಿಜಿಎ 2024ರ ಮೇ ಕೊನೆಗೆ ತಾತ್ಕಾಲಿಕವಾಗಿ ಹೇಳಿತ್ತು. ಮುಂದಿನ ಫೆಬ್ರುವರಿಯ ಬಜೆಟ್‌ನಲ್ಲಿ ಅದೇ ವರ್ಷದ ವಾಸ್ತವ ಅಂಕಿ ₹16,54,643 ಕೋಟಿ ಎಂದು ಬಂತು. ಹದಿನಾರೂವರೆ ಲಕ್ಷ ಕೋಟಿಯ ಮೇಲೆ ಸಾವಿರ ಕೋಟಿಗಿಂತ ಕಡಿಮೆ ವ್ಯತ್ಯಾಸ. ಲೆಕ್ಕಪರಿಶೋಧನೆ ಆಗಿರದ ಅಂಕಿಗೆ ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಬೇಕಿಲ್ಲ. ಆದರೆ ಪತ್ರಿಕೆಗಳು ಎತ್ತಿ ತಲೆಬರಹ ಮಾಡುವ ‘ಬಜೆಟ್ ಅಂದಾಜಿನ ಶೇಕಡಾ ಇಷ್ಟು’ ಎಂಬ ಕಾಲಂ ಇದೆಯಲ್ಲ, ಇಡೀ ಪಟ್ಟಿಯಲ್ಲಿ ಅತ್ಯಂತ ಕಡಿಮೆ ಉಪಯೋಗದ್ದು ಅದೇ.

ಪಟ್ಟಿಯಲ್ಲಿ ಏನಿದೆ

ಮುಖ್ಯ ಪುಟದಲ್ಲಿ ಹದಿನೈದು ಸಾಲು. ರಾಜಸ್ವ ಜಮೆ, ಅದರೊಳಗೆ ನಿವ್ವಳ ತೆರಿಗೆ (ಮರುಪಾವತಿ, ರಾಜ್ಯಗಳ ಪಾಲು ಕಳೆದದ್ದು) ಮತ್ತು ತೆರಿಗೆಯೇತರ ಆದಾಯ, ಸಾಲವಲ್ಲದ ಬಂಡವಾಳ ಜಮೆ, ಅದರೊಳಗೆ ಸಾಲ ವಸೂಲಿ ಮತ್ತು ಷೇರು ಮಾರಾಟದಂಥ ಇತರ ಜಮೆ, ಒಟ್ಟು ಜಮೆ. ಕೆಳಗೆ ರಾಜಸ್ವ ವೆಚ್ಚ, ಅದರಲ್ಲಿ ಬಡ್ಡಿ ಎಷ್ಟು, ರಸ್ತೆ-ರೈಲಿನಂಥ ಆಸ್ತಿಗೆ ಹೋಗುವ ಬಂಡವಾಳ ವೆಚ್ಚ, ಅದರಲ್ಲಿ ಕೊಟ್ಟ ಸಾಲ ಎಷ್ಟು, ಒಟ್ಟು ವೆಚ್ಚ. ಕೊನೆಗೆ ಮೂರು ಕೊರತೆಗಳು. 12ನೇ ಸಾಲಿನಿಂದ 7ನೇ ಸಾಲು ಕಳೆದರೆ ವಿತ್ತೀಯ ಕೊರತೆ, 8ರಿಂದ 1 ಕಳೆದರೆ ರಾಜಸ್ವ ಕೊರತೆ, 13ರಿಂದ ಬಡ್ಡಿಯ 9ನೇ ಸಾಲು ಕಳೆದರೆ ಪ್ರಾಥಮಿಕ ಕೊರತೆ. ಒಳಪುಟಗಳಲ್ಲಿ ತೆರಿಗೆವಾರು ವಿವರ, ಸಚಿವಾಲಯವಾರು ಖರ್ಚು, ಕೊರತೆಗೆ ಹಣ ಎಲ್ಲಿಂದ ಬಂತು ಎಂಬ ಪಟ್ಟಿ ಇವೆ. ಇಷ್ಟು ಅಚ್ಚುಕಟ್ಟಾದ ರಚನೆ ವರ್ಷಗಟ್ಟಲೆ ಬದಲಾಗದೆ ಉಳಿದಿರುವುದು ದೊಡ್ಡ ಅನುಕೂಲ. ಹಳೆಯ ವರ್ಷಗಳ ಸಾಲನ್ನು ಹೊಸದರ ಪಕ್ಕ ನೇರವಾಗಿ ಇಡಬಹುದು.

ಎರಡು ವಿಷಯ ಮಾತ್ರ ಮರೆಯಬಾರದು. ಮೊದಲನೆಯದು, ಇಲ್ಲಿರುವುದೆಲ್ಲ ಏಪ್ರಿಲ್‌ನಿಂದ ಆ ತಿಂಗಳವರೆಗಿನ ಒಟ್ಟು ಮೊತ್ತ, ಆ ಒಂದು ತಿಂಗಳದ್ದಲ್ಲ. ಎರಡನೆಯದು, ಇದು ನಗದು ಲೆಕ್ಕ. ದುಡ್ಡು ಖಜಾನೆಯಿಂದ ಹೊರಬಿದ್ದರೆ ಮಾತ್ರ ಖರ್ಚು. ಬಿಲ್ಲು ಬಂದು ಮೇಜಿನ ಮೇಲೆ ಕೂತಿದ್ದರೆ ಅದು ಇಲ್ಲಿ ಕಾಣುವುದಿಲ್ಲ. ತೆರಿಗೆ ಮರುಪಾವತಿಯೂ ಹಾಗೆಯೇ. ಮಾರ್ಚ್‌ನಲ್ಲಿ ಕೊಡಬೇಕಾದ್ದನ್ನು ಏಪ್ರಿಲ್‌ಗೆ ತಳ್ಳಿದರೆ ಈ ವರ್ಷದ ನಿವ್ವಳ ತೆರಿಗೆ ದಪ್ಪಗೆ ಕಾಣುತ್ತದೆ, ಮುಂದಿನ ವರ್ಷದ್ದು ಸೊರಗುತ್ತದೆ.

ಶೇಕಡಾ ಕಾಲಂ ಯಾಕೆ ಪೊಳ್ಳು

2024ರ ಜೂನ್ ಕೊನೆಗೆ ವಿತ್ತೀಯ ಕೊರತೆ ವರ್ಷದ ಗುರಿಯ ಶೇ 8.1 ಮಾತ್ರ ಇತ್ತು. ಅದರ ಹಿಂದಿನ ವರ್ಷ ಇದೇ ಹೊತ್ತಿಗೆ ಶೇ 25.3. ಮೇಲ್ನೋಟಕ್ಕೆ ಸರ್ಕಾರ ಬಿಗಿ ಮುಷ್ಟಿ ಹಿಡಿದಂತೆ ಕಾಣುತ್ತದೆ. ಒಳಗೆ ನೋಡಿದರೆ ಕಾರಣ ಎರಡೇ. ಆರ್‌ಬಿಐ ತನ್ನ ಮಿಗತೆ ₹2,10,874 ಕೋಟಿಯನ್ನು ಒಂದೇ ಸಲಕ್ಕೆ ಕೊಟ್ಟಿತ್ತು. ಲೋಕಸಭೆ ಚುನಾವಣೆಯ ನೀತಿಸಂಹಿತೆ ಜೂನ್ ಮೊದಲ ವಾರದವರೆಗೂ ಇದ್ದುದರಿಂದ ಬಂಡವಾಳ ವೆಚ್ಚ ಹಿಂದಿನ ವರ್ಷದ ₹2.78 ಲಕ್ಷ ಕೋಟಿಯಿಂದ ₹1.81 ಲಕ್ಷ ಕೋಟಿಗೆ ಇಳಿದಿತ್ತು. ಮೊದಲನೆಯದು ವರ್ಷಕ್ಕೊಮ್ಮೆ ಬರುವ ಹಣ. ಎರಡನೆಯದು ಮುಂದಕ್ಕೆ ಹೋದ ಖರ್ಚು, ಉಳಿತಾಯವಲ್ಲ. ಈ ಶೇ 8.1ನ್ನು ನಾಲ್ಕರಿಂದ ಗುಣಿಸಿ ವರ್ಷದ ಕೊರತೆ ಅಂದಾಜಿಸಿದವರು ಯಾರಾದರೂ ಇದ್ದರೆ ಗುರಿಯ ಮೂರನೇ ಒಂದು ಭಾಗಕ್ಕೆ ನಿಂತಿರುತ್ತಿದ್ದರು. ವರ್ಷ ಮುಗಿದಾಗ ಕೊರತೆ ಫೆಬ್ರುವರಿ ಬಜೆಟ್‌ನಲ್ಲಿ ತಿದ್ದಿದ ಗುರಿಯ, ಅಂದರೆ ಪರಿಷ್ಕೃತ ಅಂದಾಜಿನ, ಶೇ 100.5 ಆಗಿತ್ತು.

ಅದಕ್ಕಿಂತ ಸೂಕ್ಷ್ಮವಾದ ಉದಾಹರಣೆ ಫೆಬ್ರುವರಿಯದು. 2023-24ರಲ್ಲಿ ಫೆಬ್ರುವರಿವರೆಗಿನ ಕೊರತೆ ಪರಿಷ್ಕೃತ ಅಂದಾಜಿನ ಶೇ 86.5, 2024-25ರಲ್ಲಿ ಶೇ 85.8. ಹೆಚ್ಚುಕಡಿಮೆ ಒಂದೇ. ಆದರೆ ಮೊದಲ ವರ್ಷ ಅಂದಾಜಿನ ಶೇ 95ರಲ್ಲಿ ಮುಗಿಯಿತು, ಎರಡನೆಯದು ಅಂದಾಜನ್ನೇ ದಾಟಿತು. ಒಂದು ತಿಂಗಳಷ್ಟೇ ಬಾಕಿ ಇರುವಾಗಲೂ ಈ ಕಾಲಂ ಏನನ್ನೂ ಹೇಳಲಿಲ್ಲ.

ಮೇಲಾಗಿ ಛೇದವೇ ನಡುವೆ ಬದಲಾಗುತ್ತದೆ. 2024-25ರಲ್ಲಿ ಮೊದಲು ಮಧ್ಯಂತರ ಬಜೆಟ್‌ನ ₹16.85 ಲಕ್ಷ ಕೋಟಿ, ಜುಲೈ ಬಜೆಟ್ ನಂತರ ₹16.13 ಲಕ್ಷ ಕೋಟಿ, ಜನವರಿ ಲೆಕ್ಕದಿಂದ ಪರಿಷ್ಕೃತ ಅಂದಾಜಿನ ₹15.70 ಲಕ್ಷ ಕೋಟಿ. ಡಿಸೆಂಬರ್‌ನ ಶೇ 56.7 ಮತ್ತು ಜನವರಿಯ ಶೇ 74.5ನ್ನು ಒಂದೇ ಗೆರೆಯಲ್ಲಿ ಜೋಡಿಸಿ ಗ್ರಾಫ್ ಬಿಡಿಸುವುದು ತಪ್ಪು. ಕಂಸದಲ್ಲಿ ಕೊಡುವ ಹಿಂದಿನ ವರ್ಷದ ಶೇಕಡಾವೂ ಹಿಂದಿನ ವರ್ಷದ ಗುರಿಗೆ ಹೋಲಿಸಿದ್ದು ಎಂಬುದನ್ನು ಎಷ್ಟೋ ಸುದ್ದಿಗಳು ಹೇಳುವುದೇ ಇಲ್ಲ.

ಬಳಸುವ ಸರಿಯಾದ ಕ್ರಮ

ಎಕ್ಸೆಲ್ ಹಾಳೆಯೊಂದರಲ್ಲಿ ಹದಿನೈದು ಸಾಲು, ಅಡ್ಡಕ್ಕೆ ಹನ್ನೆರಡು ತಿಂಗಳು. ಕನಿಷ್ಠ ಐದು ವರ್ಷದ್ದು ಬೇಕು, 2020-21ನ್ನು ಬಣ್ಣ ಹಾಕಿ ಬೇರೆ ಇಡಬೇಕು. ಆ ಕೋವಿಡ್ ವರ್ಷದ ಆಕಾರ ಯಾವುದಕ್ಕೂ ಹೋಲುವುದಿಲ್ಲ. ಎರಡನೇ ಹಾಳೆಯಲ್ಲಿ ಈ ತಿಂಗಳ ಒಟ್ಟು ಮೊತ್ತದಿಂದ ಹಿಂದಿನ ತಿಂಗಳದ್ದನ್ನು ಕಳೆದು ಬಿಡಿ ತಿಂಗಳ ಅಂಕಿ ತೆಗೆಯಿರಿ. ಅಲ್ಲಿ ಕೆಲವೊಮ್ಮೆ ಕೊರತೆ ಮೈನಸ್ ಬರುತ್ತದೆ, ಗಾಬರಿಯಾಗಬೇಕಿಲ್ಲ. 2025ರ ಏಪ್ರಿಲ್ ಕೊನೆಗೆ ₹1.86 ಲಕ್ಷ ಕೋಟಿ ಇದ್ದ ಕೊರತೆ ಮೇ ಕೊನೆಗೆ ಬರೀ ₹13,163 ಕೋಟಿಗೆ ಇಳಿದಿತ್ತು. ಆ ಮೇನಲ್ಲಿ ಆರ್‌ಬಿಐನಿಂದ ₹2,68,590 ಕೋಟಿ ಬಂದಿತ್ತು. ಮೂರನೇ ಹಾಳೆಯಲ್ಲಿ ಪ್ರತಿ ತಿಂಗಳನ್ನೂ ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿ. ಹಿಂದಿನ ತಿಂಗಳಿಗೆ ಹೋಲಿಸಿ ಪ್ರಯೋಜನವಿಲ್ಲ, ಯಾಕೆಂದರೆ ತೆರಿಗೆ ಸಮನಾಗಿ ಹರಿಯುವುದಿಲ್ಲ. ಮುಂಗಡ ತೆರಿಗೆಯ ಗಡುವು ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ. ಈ ನಾಲ್ಕು ತಿಂಗಳು ಉಬ್ಬುತ್ತವೆ, ನಡುವಿನವು ಸೊರಗುತ್ತವೆ.

ನಾಲ್ಕನೇ ಹಾಳೆಯೇ ಜೀವಾಳ. ವರ್ಷದ ಗುರಿಯಿಂದ ಇಲ್ಲಿಯವರೆಗೆ ಬಂದದ್ದನ್ನು ಕಳೆದು, ಉಳಿದ ಮೊತ್ತವನ್ನು ಹಿಂದಿನ ವರ್ಷದ ಉಳಿದ ತಿಂಗಳುಗಳ ಮೊತ್ತಕ್ಕೆ ಹೋಲಿಸಬೇಕು. ಕ್ರಿಕೆಟ್ಟಿನ ರಿಕ್ವೈರ್ಡ್ ರನ್ ರೇಟ್ ಇದ್ದ ಹಾಗೆ: ಇಲ್ಲಿಯವರೆಗೆ ಎಷ್ಟು ಹೊಡೆದರು ಎನ್ನುವುದಕ್ಕಿಂತ ಉಳಿದ ಓವರ್‌ಗಳಲ್ಲಿ ಎಷ್ಟು ಬೇಕು ಎನ್ನುವುದೇ ಮುಖ್ಯ. 2025ರ ಫೆಬ್ರುವರಿ ಕೊನೆಗೆ ನಿವ್ವಳ ತೆರಿಗೆ ₹20,15,634 ಕೋಟಿ. ಪರಿಷ್ಕೃತ ಗುರಿ ಸುಮಾರು ₹25.57 ಲಕ್ಷ ಕೋಟಿ. ಮಾರ್ಚ್ ಒಂದರಲ್ಲೇ ₹5.41 ಲಕ್ಷ ಕೋಟಿ ಬರಬೇಕಿತ್ತು. ಹಿಂದಿನ ಮಾರ್ಚ್‌ನಲ್ಲಿ ಬಂದದ್ದು ₹4.77 ಲಕ್ಷ ಕೋಟಿ. ಅಂದರೆ ಶೇ 13ಕ್ಕೂ ಹೆಚ್ಚು ಏರಿಕೆ ಬೇಕು. ನಿಜವಾಗಿ ಬಂದದ್ದು ₹4.83 ಲಕ್ಷ ಕೋಟಿ, ಏರಿಕೆ ಶೇ 1.3. ವರ್ಷದ ನಿವ್ವಳ ತೆರಿಗೆ ₹24,98,885 ಕೋಟಿಗೆ ನಿಂತಿತು, ಎರಡು ತಿಂಗಳ ಹಿಂದಷ್ಟೇ ಮಾಡಿದ ಪರಿಷ್ಕೃತ ಅಂದಾಜಿಗಿಂತ ಸುಮಾರು ₹58,000 ಕೋಟಿ ಕಡಿಮೆ. ಪರಿಷ್ಕೃತ ಅಂದಾಜು ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. 2018-19ರಲ್ಲಂತೂ ಒಟ್ಟು ತೆರಿಗೆ ಪರಿಷ್ಕೃತ ಅಂದಾಜಿನ ₹22.48 ಲಕ್ಷ ಕೋಟಿಯಿಂದ ₹20.80 ಲಕ್ಷ ಕೋಟಿಗೆ ಬಿದ್ದಿತ್ತು.

ಜಮೆಯ ಕಡೆ ಎಡವುವ ಜಾಗಗಳು

ತಿಂಗಳ ಜಿಎಸ್‌ಟಿ ಸಂಗ್ರಹದ ಸುದ್ದಿ ಮೊದಲ ಬಲೆ. 2025ರ ಏಪ್ರಿಲ್‌ನ ₹2.37 ಲಕ್ಷ ಕೋಟಿ ದಾಖಲೆ ಸಂಗ್ರಹ ಎಂದರೆ ಅದರಲ್ಲಿ ರಾಜ್ಯ ಜಿಎಸ್‌ಟಿಯೂ ಇದೆ, ಅಂತರರಾಜ್ಯ ವಹಿವಾಟಿನ ಮತ್ತು ಆಮದಿನ ಐಜಿಎಸ್‌ಟಿಯೂ ಇದೆ, ರಾಜ್ಯಗಳ ನಷ್ಟ ತುಂಬಲೆಂದು ಹಾಕಿದ ಪರಿಹಾರ ಸೆಸ್ಸೂ ಇದೆ. ಮರುಪಾವತಿ ಇನ್ನೂ ಕಳೆದಿಲ್ಲ. ಜೊತೆಗೆ ಅದು ಮಾರ್ಚ್ ತಿಂಗಳ ವಹಿವಾಟಿನ ತೆರಿಗೆ, ರಿಟರ್ನ್ ಸಲ್ಲಿಸುವ ಗಡುವು ಮುಂದಿನ ತಿಂಗಳ 20. ಇದನ್ನು ಇಡಿಯಾಗಿ ಕೇಂದ್ರದ ಖಾತೆಗೆ ಬರೆದುಕೊಂಡವರ ಅಂದಾಜು ಮೊದಲ ಸಾಲಿನಲ್ಲೇ ಕೆಟ್ಟಿತು. ಸಿಜಿಎಯ ಒಳಪುಟದಲ್ಲಿ ಸಿಜಿಎಸ್‌ಟಿ (ಕೇಂದ್ರದ ಪಾಲಿನ ಜಿಎಸ್‌ಟಿ), ಐಜಿಎಸ್‌ಟಿ, ಸೆಸ್ ಬೇರೆ ಬೇರೆ ಇವೆ, ಅಲ್ಲಿಂದಲೇ ತೆಗೆಯಬೇಕು. 2025-26ರ ಬಜೆಟ್‌ನಲ್ಲಿ ಕೇಂದ್ರದ ಜಿಎಸ್‌ಟಿ ಎಂದು ತೋರಿಸಿದ ₹11.78 ಲಕ್ಷ ಕೋಟಿಯಲ್ಲಿ ₹1.67 ಲಕ್ಷ ಕೋಟಿ ಪರಿಹಾರ ಸೆಸ್. ಅದು ಜಮೆಯಲ್ಲಿ ಕಂಡರೂ ಸರ್ಕಾರ ಮನಬಂದಂತೆ ಖರ್ಚು ಮಾಡುವ ಹಣವಾಗಿರಲಿಲ್ಲ.

ಎರಡನೇ ಬಲೆ ರಾಜ್ಯಗಳ ಪಾಲು, ಇದು ಇನ್ನೂ ಮೋಸದ್ದು. ವಿಭಜನೀಯ ತೆರಿಗೆಯ, ಅಂದರೆ ಕೇಂದ್ರ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ತೆರಿಗೆಯ, ಶೇ 41 ರಾಜ್ಯಗಳಿಗೆ ಹೋಗುತ್ತದೆ, ಸೆಸ್ ಮತ್ತು ಸರ್ಚಾರ್ಜ್ ಬಿಟ್ಟು. ವರ್ಷಕ್ಕೆ 14 ಕಂತು. ಅಂದರೆ ಕೆಲವು ತಿಂಗಳು ಎರಡೆರಡು ಕಂತು ಬೀಳಲೇಬೇಕು, ಅದು ಯಾವ ತಿಂಗಳು ಎಂಬುದು ವರ್ಷ ವರ್ಷಕ್ಕೆ ಬದಲಾಗುತ್ತದೆ. 2024ರ ಅಕ್ಟೋಬರ್ 10ರಂದು ಹಬ್ಬದ ಹೊತ್ತಿಗೆಂದು ಮಾಮೂಲಿ ಕಂತಿನ ಜೊತೆ ₹89,086 ಕೋಟಿಯ ಮುಂಗಡ ಕಂತೂ ಸೇರಿ ₹1,78,173 ಕೋಟಿ ಬಿಡುಗಡೆಯಾಯಿತು. ಆ ತಿಂಗಳ ನಿವ್ವಳ ತೆರಿಗೆ ಕುಸಿದಂತೆ ಕಂಡರೆ ಅದು ಆರ್ಥಿಕತೆಯ ಕಥೆಯಲ್ಲ, ಕಂತಿನ ಕಥೆ. ಆದ್ದರಿಂದ ತೆರಿಗೆಯ ಬೆಳವಣಿಗೆಯನ್ನು ಯಾವಾಗಲೂ ಒಟ್ಟು ತೆರಿಗೆಯ ಮೇಲೆ ಅಳೆಯಬೇಕು, ರಾಜ್ಯಗಳ ಪಾಲನ್ನು ಬೇರೆ ಸಾಲಿನಲ್ಲಿ ಅಂದಾಜಿಸಿ ಕಳೆಯಬೇಕು.

ಇಲ್ಲೊಂದು ಸ್ವಾರಸ್ಯ ಇದೆ. ರಾಜ್ಯಗಳಿಗೆ ಕೊಡುವುದು ಪರಿಷ್ಕೃತ ಅಂದಾಜಿನ ಲೆಕ್ಕದಲ್ಲಿ. ನಿಜವಾದ ಸಂಗ್ರಹದ ಲೆಕ್ಕ ಚುಕ್ತಾ ಆಗುವುದು ನಂತರದ ವರ್ಷಗಳಲ್ಲಿ. 2024-25ರಲ್ಲಿ ಪರಿಷ್ಕೃತ ಅಂದಾಜು ಹೇಳಿದ ₹12,86,885 ಕೋಟಿಯನ್ನೇ ರಾಜ್ಯಗಳಿಗೆ ಕೊಡಲಾಯಿತು. ಹೀಗಾಗಿ ಫೆಬ್ರುವರಿ-ಮಾರ್ಚ್‌ನಲ್ಲಿ ತೆರಿಗೆ ಕೈಕೊಟ್ಟರೆ ಆ ವರ್ಷದ ಮಟ್ಟಿಗೆ ಪೂರ್ತಿ ಪೆಟ್ಟು ಕೇಂದ್ರಕ್ಕೇ. ನೂರು ರೂಪಾಯಿ ಕಡಿಮೆ ಬಂದರೆ ಕೇಂದ್ರಕ್ಕೆ ಅರವತ್ತರ ಆಸುಪಾಸು ನಷ್ಟ ಎಂದು ಮಾದರಿಯಲ್ಲಿ ಬರೆದುಕೊಂಡವರು ವರ್ಷಾಂತ್ಯದಲ್ಲಿ ಕೊರತೆಯನ್ನು ಕಡಿಮೆ ಅಂದಾಜಿಸುವುದು ಇದಕ್ಕೇ. ಹೆಚ್ಚು ಬಂದರೂ ಅಷ್ಟೇ, ಆ ವರ್ಷಕ್ಕೆ ಪೂರ್ತಿ ಲಾಭ ಕೇಂದ್ರದ್ದು.

ಕರ್ನಾಟಕದ ಲೆಕ್ಕ ಬೇಕಾದವರಿಗೆ ಇದೇ ಸಾಲು ಉಪಯೋಗಕ್ಕೆ ಬರುತ್ತದೆ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ (2025-26ರವರೆಗೆ) ರಾಜ್ಯದ ಪಾಲು ಶೇ 3.647 ಇತ್ತು, ಅದರ ಹಿಂದಿನ ಆಯೋಗದಲ್ಲಿದ್ದ ಶೇ 4.713ರಿಂದ ಇಳಿದದ್ದು. 2025-26ರ ಬಜೆಟ್‌ನ ಒಟ್ಟು ಹಂಚಿಕೆ ₹14.22 ಲಕ್ಷ ಕೋಟಿ. ಗುಣಿಸಿದರೆ ಸುಮಾರು ₹51,876 ಕೋಟಿ. ಮೇಲೆ ಹೇಳಿದ ಅಕ್ಟೋಬರ್ ಬಿಡುಗಡೆಯಲ್ಲಿ ಇದೇ ಗುಣಾಕಾರದಿಂದ ₹6,498 ಕೋಟಿ. ಒಂದೇ ಒಂದು ಗುಣಾಕಾರ, ಆದರೂ ರಾಜ್ಯ ಬಜೆಟ್‌ನ ಚರ್ಚೆಯಲ್ಲಿ ಇದನ್ನು ಮಾಡಿ ನೋಡದೆ ಮಾತಾಡುವವರೇ ಹೆಚ್ಚು.

ತೆರಿಗೆಯೇತರ ಆದಾಯದಲ್ಲಿ ನೋಡಬೇಕಾದ್ದು ಆರ್‌ಬಿಐ ಒಂದೇ ಎಂದರೂ ತಪ್ಪಲ್ಲ. 2024ರ ಫೆಬ್ರುವರಿಯ ಮಧ್ಯಂತರ ಬಜೆಟ್‌ನಲ್ಲಿ ಆರ್‌ಬಿಐ, ಸರ್ಕಾರಿ ಬ್ಯಾಂಕ್‌ಗಳು, ಹಣಕಾಸು ಸಂಸ್ಥೆಗಳು ಎಲ್ಲ ಸೇರಿ ₹1.02 ಲಕ್ಷ ಕೋಟಿ ಲಾಭಾಂಶ ಕೊಡುತ್ತವೆ ಎಂದಿತ್ತು. ಮೇನಲ್ಲಿ ಆರ್‌ಬಿಐ ಒಂದೇ ಅದರ ದುಪ್ಪಟ್ಟು ಕೊಟ್ಟಿತು. ಜಿಡಿಪಿಯ ಶೇ 0.3ಕ್ಕೂ ಮಿಕ್ಕ ವ್ಯತ್ಯಾಸ ಒಂದೇ ಸಭೆಯಲ್ಲಿ ಬಂದುಬಿಟ್ಟಿತು. ಆರ್‌ಬಿಐ ಎಷ್ಟು ಕೊಟ್ಟೀತು ಎಂಬುದು ಮೂರು ವಿಷಯದ ಮೇಲೆ ನಿಂತಿದೆ: ವಿದೇಶಿ ಬಾಂಡ್‌ಗಳ ಮೇಲಿನ ಬಡ್ಡಿ, ಡಾಲರ್ ಮಾರಾಟದಲ್ಲಿ ಬಂದ ಲಾಭ, ಆಪತ್ತಿಗೆಂದು ತೆಗೆದಿಡುವ ನಿಧಿಯ ಪ್ರಮಾಣ. ಕೊನೆಯದರ ಮಿತಿ 2019ರ ಬಿಮಲ್ ಜಲಾನ್ ಸಮಿತಿಯ ಶಿಫಾರಸಿನಂತೆ ಆರ್‌ಬಿಐ ಬ್ಯಾಲೆನ್ಸ್ ಶೀಟಿನ ಶೇ 5.5ರಿಂದ 6.5 ಇತ್ತು. 2025ರ ಮೇನಲ್ಲಿ ಅದನ್ನು ಶೇ 4.5ರಿಂದ 7.5ಕ್ಕೆ ಹಿಗ್ಗಿಸಿ, ಆ ವರ್ಷ ಮೇಲಿನ ತುದಿಯಾದ 7.5ಕ್ಕೇ ಇಟ್ಟರು, ಹಾಗಿದ್ದೂ ದಾಖಲೆ ಮೊತ್ತ ಬಂತು. ಕೆಳಗಿನ ತುದಿಗೂ ಮೇಲಿನ ತುದಿಗೂ ಈಗ ಮೂರು ಶೇಕಡಾ ಅಂತರ ಇರುವುದರಿಂದ ಅಂದಾಜಿನ ಅನಿಶ್ಚಿತತೆ ಮೊದಲಿಗಿಂತ ಹೆಚ್ಚಿದೆ. ಸಿಜಿಎ ಪಟ್ಟಿ ಇದರಲ್ಲಿ ಏನೂ ಸಹಾಯ ಮಾಡುವುದಿಲ್ಲ, ದುಡ್ಡು ಬಂದ ಮೇಲೆ ತೋರಿಸುತ್ತದೆ ಅಷ್ಟೆ.

ಸರ್ಕಾರಿ ಕಂಪನಿಗಳ ಷೇರು ವಿಕ್ರಯದ ಬಜೆಟ್ ಅಂಕಿಯನ್ನು ಅರ್ಧಕ್ಕಿಂತ ಹೆಚ್ಚು ನಂಬದಿರುವುದು ಕ್ಷೇಮ. 2020-21ರಲ್ಲಿ ₹2.10 ಲಕ್ಷ ಕೋಟಿ ಎಂದು ಹೊರಟು ಪರಿಷ್ಕೃತ ಅಂದಾಜಿನಲ್ಲಿ ₹32,000 ಕೋಟಿಗೆ ಇಳಿಸಿದ್ದರು. 2024-25 ಮತ್ತು 2025-26ರ ಬಜೆಟ್‌ಗಳು ₹50,000 ಕೋಟಿಯ ಆಸುಪಾಸಿಗೆ ಬಂದಿದ್ದರಿಂದ ಆ ವರ್ಷಗಳಲ್ಲಿ ಅದು ದೊಡ್ಡ ತಲೆನೋವಾಗಿರಲಿಲ್ಲ.

ಖರ್ಚಿನ ಕಡೆ

ಬಡ್ಡಿ ಸುಲಭ. ಹಳೆಯ ಬಾಂಡ್‌ಗಳ ಬಡ್ಡಿ ಆರು ತಿಂಗಳಿಗೊಮ್ಮೆ ನಿಗದಿತ ದಿನಕ್ಕೆ ಹೋಗುತ್ತದೆ, ಹೊಸ ಸಾಲದ ಕ್ಯಾಲೆಂಡರ್ ವರ್ಷಕ್ಕೆ ಎರಡು ಸಲ ಮೊದಲೇ ಪ್ರಕಟವಾಗುತ್ತದೆ. 2024-25ರಲ್ಲಿ ಬಜೆಟ್ ಅಂದಾಜು ₹11.63 ಲಕ್ಷ ಕೋಟಿ, ಪರಿಷ್ಕೃತ ₹11.38 ಲಕ್ಷ ಕೋಟಿ. ಬಜೆಟ್ ಅಂಕಿಯಿಂದ ಸ್ವಲ್ಪ ಕಡಿಮೆ ಇಟ್ಟರೆ ಸಾಕು.

ಬಜೆಟ್ ಮೀರಿದ ಖರ್ಚಿಗೆ ಸಂಸತ್ತಿನ ಒಪ್ಪಿಗೆ ಕೇಳುವ ಪೂರಕ ಅಂದಾಜುಗಳ ಸುದ್ದಿ ಬಂದಾಗ ಎಚ್ಚರ ಬೇಕು. 2025ರ ಮಾರ್ಚ್‌ನಲ್ಲಿ ಸರ್ಕಾರ ₹6.79 ಲಕ್ಷ ಕೋಟಿಯ ಎರಡನೇ ಪೂರಕ ಬೇಡಿಕೆ ಇಟ್ಟಿತು. ಕೊರತೆ ಸ್ಫೋಟವಾಗುತ್ತದೆ ಎಂದು ಹೌಹಾರುವಷ್ಟು ದೊಡ್ಡ ಅಂಕಿ. ನಿವ್ವಳ ನಗದು ಹೊರಹರಿವು ₹51,463 ಕೋಟಿ ಮಾತ್ರ. ಉಳಿದದ್ದೆಲ್ಲ ಬೇರೆ ಬಾಬ್ತಿನ ಉಳಿತಾಯ ಮತ್ತು ಹೆಚ್ಚುವರಿ ಜಮೆಗೆ ಸರಿಹೊಂದುವಂಥದ್ದು. ಅದರ ಹಿಂದಿನ ಡಿಸೆಂಬರ್‌ನ ಮೊದಲ ಕಂತಿನಲ್ಲೂ ಒಟ್ಟು ₹87,762 ಕೋಟಿಯಲ್ಲಿ ನಿವ್ವಳ ₹44,142 ಕೋಟಿ. ಮಾದರಿಗೆ ಸೇರಿಸಬೇಕಾದ್ದು ನಿವ್ವಳವನ್ನು, ಅದನ್ನೂ ಪೂರ್ತಿಯಲ್ಲ. ಒಂದು ಇಲಾಖೆ ಹೆಚ್ಚು ಕೇಳುವ ಹೊತ್ತಿಗೆ ಇನ್ನೊಂದು ಇಲಾಖೆ ವರ್ಷದ ಕೊನೆಗೆ ಹಣ ವಾಪಸ್ ಮಾಡುತ್ತಿರುತ್ತದೆ. 2024-25ರ ಒಟ್ಟು ವೆಚ್ಚ ಎರಡು ಪೂರಕಗಳ ನಂತರವೂ ಪರಿಷ್ಕೃತ ಅಂದಾಜಿನ ಶೇ 98.7ಕ್ಕೆ ನಿಂತಿತು.

ಸಬ್ಸಿಡಿಯ ಸಾಲಿನಲ್ಲಿ ನಗದು ಲೆಕ್ಕದ ದೋಷ ಎದ್ದು ಕಾಣುತ್ತದೆ. 2018-19ರ ಪರಿಷ್ಕೃತ ಅಂದಾಜಿನಲ್ಲಿ ಆಹಾರ ಸಬ್ಸಿಡಿ ₹1.71 ಲಕ್ಷ ಕೋಟಿ, ವಾಸ್ತವದಲ್ಲಿ ₹1.01 ಲಕ್ಷ ಕೋಟಿ. ಪಡಿತರ ಅಕ್ಕಿ ಕಡಿಮೆಯಾಗಲಿಲ್ಲ; ಭಾರತ ಆಹಾರ ನಿಗಮ ಬಾಕಿ ಹಣವನ್ನು ಸಣ್ಣ ಉಳಿತಾಯ ನಿಧಿಯಿಂದ ಸಾಲವಾಗಿ ಎತ್ತಿತು. ತೆರಿಗೆ ಪರಿಷ್ಕೃತ ಅಂದಾಜಿಗಿಂತ ₹1.6 ಲಕ್ಷ ಕೋಟಿಗೂ ಹೆಚ್ಚು ಕಡಿಮೆ ಬಂದ ವರ್ಷದಲ್ಲೂ ಕೊರತೆ ಜಿಡಿಪಿಯ ಶೇ 3.4ರಲ್ಲೇ ಉಳಿದದ್ದರ ಗುಟ್ಟಿನಲ್ಲಿ ಇದೂ ಒಂದು. ಆ ಸಾಲವನ್ನೆಲ್ಲ ತೀರಿಸಿ ಲೆಕ್ಕ ಶುದ್ಧ ಮಾಡಿದ್ದು 2020-21ರಲ್ಲಿ, ಬಜೆಟ್‌ನಲ್ಲಿ ₹1.16 ಲಕ್ಷ ಕೋಟಿ ಇದ್ದ ಆಹಾರ ಸಬ್ಸಿಡಿ ಆ ವರ್ಷ ₹5.41 ಲಕ್ಷ ಕೋಟಿ ಆಯಿತು. ಆಗಿನಿಂದ ಪಟ್ಟಿಯ ಪ್ರಾಮಾಣಿಕತೆ ಬಹಳ ಸುಧಾರಿಸಿದೆ. ಆದರೂ ಬಜೆಟ್ ಪತ್ರಗಳಲ್ಲೊಂದಾದ ಎಕ್ಸ್‌ಪೆಂಡಿಚರ್ ಪ್ರೊಫೈಲ್‌ನ 27ನೇ ಪಟ್ಟಿಯನ್ನು, ಬಜೆಟ್ ಹೊರಗಿನ ಸಾಲಗಳದ್ದು, ವರ್ಷಕ್ಕೊಮ್ಮೆ ತೆರೆದು ನೋಡುವುದು ಒಳ್ಳೆಯದು.

ಮಾರ್ಚ್ ಪರೀಕ್ಷೆ

ಈ ಸೇವೆಯನ್ನು ಒರೆಗೆ ಹಚ್ಚಬೇಕಾದ ಜಾಗ ಮಾರ್ಚ್. ಫೆಬ್ರುವರಿಯ ಲೆಕ್ಕ ಮಾರ್ಚ್ ಕೊನೆಗೆ ಬರುತ್ತದೆ. ಮಾರ್ಚ್‌ನದು ಬರಲು ಮೇ ಕೊನೆಯವರೆಗೆ ಕಾಯಬೇಕು. ನಡುವಿನ ಎರಡು ತಿಂಗಳು ಅಂದಾಜೇ ಗತಿ. 2025ರ ಫೆಬ್ರುವರಿವರೆಗೆ ಜಮೆ ₹25,46,317 ಕೋಟಿ, ವೆಚ್ಚ ₹38,93,169 ಕೋಟಿ, ಕೊರತೆ ₹13,46,852 ಕೋಟಿ.

ಸುಲಭದ ದಾರಿ ಹಿಂದಿನ ಮಾರ್ಚ್‌ನ ಕೊರತೆಯನ್ನೇ ಕೂಡಿಸುವುದು. 2024ರ ಮಾರ್ಚ್‌ನಲ್ಲಿ ಜಮೆ ₹5.43 ಲಕ್ಷ ಕೋಟಿ, ವೆಚ್ಚ ₹6.95 ಲಕ್ಷ ಕೋಟಿ, ಕೊರತೆ ₹1.52 ಲಕ್ಷ ಕೋಟಿ. ಕೂಡಿದರೆ ವರ್ಷಕ್ಕೆ ₹14.99 ಲಕ್ಷ ಕೋಟಿ. ನಿಜವಾದದ್ದು ₹15.77 ಲಕ್ಷ ಕೋಟಿ. ಸುಮಾರು ₹78,000 ಕೋಟಿ ತಪ್ಪು, ಶೇ 5ರಷ್ಟು. ಒಪ್ಪುವಂಥದ್ದಲ್ಲ.

ತಪ್ಪು ಎಲ್ಲಿಂದ ಬಂತು ಎಂದು ಸಾಲು ಸಾಲಾಗಿ ಬಿಡಿಸಿದರೆ ಬಂಡವಾಳ ವೆಚ್ಚದ ಮೇಲೆ ಕೈ ನಿಲ್ಲುತ್ತದೆ. 2024ರ ಮಾರ್ಚ್‌ನಲ್ಲಿ ಅದು ₹1.43 ಲಕ್ಷ ಕೋಟಿ, 2025ರ ಮಾರ್ಚ್‌ನಲ್ಲಿ ₹2.40 ಲಕ್ಷ ಕೋಟಿ. ಚುನಾವಣೆಯಿಂದಾಗಿ ವರ್ಷದ ಮೊದಲಲ್ಲಿ ನಿಂತಿದ್ದ ಖರ್ಚು ಕೊನೆಯಲ್ಲಿ ಬಂದು ಬಿತ್ತು. ಇದನ್ನು ಮೊದಲೇ ಕಾಣಬಹುದಿತ್ತು: ಪರಿಷ್ಕೃತ ಗುರಿ ₹10.18 ಲಕ್ಷ ಕೋಟಿ, ಫೆಬ್ರುವರಿವರೆಗೆ ಆದದ್ದು ₹8.12 ಲಕ್ಷ ಕೋಟಿ, ಬಾಕಿ ₹2.07 ಲಕ್ಷ ಕೋಟಿ. ಹಿಂದಿನ ಮಾರ್ಚ್‌ನ ಎಲ್ಲ ಸಾಲುಗಳನ್ನು ಹಾಗೇ ಇಟ್ಟು ಬಂಡವಾಳ ವೆಚ್ಚದ ಜಾಗದಲ್ಲಿ ಈ ಬಾಕಿಯನ್ನು ಇಟ್ಟರೆ ಮಾರ್ಚ್ ಕೊರತೆ ₹2.16 ಲಕ್ಷ ಕೋಟಿ, ವರ್ಷದ್ದು ₹15.63 ಲಕ್ಷ ಕೋಟಿ. ತಪ್ಪು ಶೇ 1ಕ್ಕಿಂತ ಕಡಿಮೆ.

ಬೆನ್ನು ತಟ್ಟಿಕೊಳ್ಳುವ ಮೊದಲು ಒಳಗಿನ ತಪ್ಪುಗಳನ್ನೂ ನೋಡಬೇಕು. ಬಂಡವಾಳ ವೆಚ್ಚ ಈ ಅಂದಾಜಿಗಿಂತ ಸುಮಾರು ₹34,000 ಕೋಟಿ ಹೆಚ್ಚಾಯಿತು, ರಾಜಸ್ವ ವೆಚ್ಚ ₹30,000 ಕೋಟಿ ಕಡಿಮೆಯಾಯಿತು, ಜಮೆ ₹11,000 ಕೋಟಿ ಕಡಿಮೆ ಬಂತು. ಒಂದು ಇನ್ನೊಂದನ್ನು ಹೊಡೆದುಹಾಕಿದ್ದರಿಂದ ಮೊತ್ತ ಸರಿಹೋಯಿತು. ಅದು ಪೂರ್ತಿ ಅದೃಷ್ಟವೇನಲ್ಲ. ಜಮೆ ಕಡಿಮೆಯಾದಾಗ ಸಚಿವಾಲಯ ಮಾರ್ಚ್ ಕೊನೆಯ ವಾರಗಳಲ್ಲಿ ರಾಜಸ್ವ ಖರ್ಚನ್ನು ಹಿಡಿಯುತ್ತದೆ. ಕೊನೆಯ ತಿಂಗಳಲ್ಲಿ ಬಜೆಟ್‌ನ ಶೇ 15 ಮೀರಬಾರದು, ಕೊನೆಯ ತ್ರೈಮಾಸಿಕದಲ್ಲಿ ಶೇ 33 ಮೀರಬಾರದು ಎಂಬ ಕಟ್ಟಳೆಯೂ ಇಲಾಖೆಗಳ ಮೇಲಿದೆ. ಒಟ್ಟು ಕೊರತೆಯ ಅಂದಾಜು ಅದರ ಒಂದೊಂದು ಸಾಲಿನ ಅಂದಾಜಿಗಿಂತ ಸಾಮಾನ್ಯವಾಗಿ ಚೆನ್ನಾಗಿ ಬರುವುದು ಇದರಿಂದಲೇ. ಸಾಲುಗಳ ಬಗ್ಗೆ ಅಷ್ಟೇ ಖಚಿತವಾಗಿ ಮಾತಾಡಬಾರದು.

ಜಿಡಿಪಿ ಎಂಬ ಛೇದ

ರೂಪಾಯಿಯ ಅಂದಾಜು ಸರಿಬಂದರೂ ಜಿಡಿಪಿಯ ಶೇಕಡಾ ತಪ್ಪಬಹುದು. ಸಿಜಿಎ ಪಟ್ಟಿಯಲ್ಲಿ ಜಿಡಿಪಿ ಇರುವುದಿಲ್ಲ, ರಾಷ್ಟ್ರೀಯ ಸಾಂಖ್ಯಿಕ ಕಚೇರಿಯಿಂದ ತರಬೇಕು. 2024-25ರ ಪರಿಷ್ಕೃತ ಅಂದಾಜು ಬಳಸಿದ್ದು ಜನವರಿಯ ಮೊದಲ ಮುಂಗಡ ಅಂದಾಜಿನ ₹324.11 ಲಕ್ಷ ಕೋಟಿ. ಅದರಂತೆ ಕೊರತೆ ಶೇ 4.84. ಮೇ ಕೊನೆಗೆ ಜಿಡಿಪಿ ₹330.68 ಲಕ್ಷ ಕೋಟಿ ಎಂದಾಯಿತು. ರೂಪಾಯಿಯಲ್ಲಿ ಕೊರತೆ ಅಂದಾಜನ್ನು ದಾಟಿತ್ತು, ಶೇಕಡಾದಲ್ಲಿ 4.77ಕ್ಕೆ ಇಳಿದಿತ್ತು. ಎರಡನ್ನೂ 4.8 ಎಂದು ಮುದ್ರಿಸಿದ್ದರಿಂದ ಯಾರಿಗೂ ಏನೂ ಕಾಣಲಿಲ್ಲ. ಅಂದಾಜು ಪ್ರಕಟಿಸುವವರು ರೂಪಾಯಿ ಮತ್ತು ಶೇಕಡಾ ಎರಡನ್ನೂ ಎರಡು ದಶಮಾಂಶದವರೆಗೆ ಕೊಟ್ಟು, ಯಾವ ಜಿಡಿಪಿ ಬಳಸಿದ್ದೇವೆ ಎಂದು ಬರೆಯಲಿ.

ಜೊತೆಗಿರಬೇಕಾದ ಪತ್ರಗಳು

ಬಜೆಟ್ ವೆಬ್‌ಸೈಟಿನ ಪತ್ರಗಳು ಪಿಡಿಎಫ್ ಜೊತೆಗೆ ಎಕ್ಸೆಲ್‌ನಲ್ಲೂ ಸಿಗುತ್ತವೆ, ಹಳೆಯ ವರ್ಷದವೂ ಇವೆ. ‘ಬಜೆಟ್ ಅಟ್ ಎ ಗ್ಲಾನ್ಸ್’ ಮೊದಲು ಇಳಿಸಿಕೊಳ್ಳಬೇಕಾದ್ದು. ಹಿಂದಿನ ವರ್ಷದ ವಾಸ್ತವ, ಈ ವರ್ಷದ ಬಜೆಟ್ ಮತ್ತು ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಬಜೆಟ್ ನಾಲ್ಕು ಕಾಲಂನಲ್ಲಿ ಪಕ್ಕಪಕ್ಕ ಇರುತ್ತವೆ. ‘ರಿಸೀಪ್ಟ್ ಬಜೆಟ್’ನಲ್ಲಿ ತೆರಿಗೆವಾರು ವಿವರ ಮತ್ತು ರಾಜ್ಯವಾರು ಹಂಚಿಕೆ. ಹೊಸ ವರ್ಷದ ತೆರಿಗೆ ಗುರಿ ನಂಬಲರ್ಹವೇ ಎಂದು ಇಲ್ಲೇ ಅಳೆಯಬೇಕು. 2025-26ರ ಬಜೆಟ್ ಒಟ್ಟು ತೆರಿಗೆ ಶೇ 10.8 ಏರುತ್ತದೆ, ಜಿಡಿಪಿ ಶೇ 10.1 ಏರುತ್ತದೆ ಎಂದಿತ್ತು, ಅನುಪಾತ 1.07, ನೋಡಲು ಮಿತವಾಗಿಯೇ ಇದೆ. ಆದರೆ ಒಳಗೆ ವೈಯಕ್ತಿಕ ಆದಾಯ ತೆರಿಗೆ ₹12.57 ಲಕ್ಷ ಕೋಟಿಯಿಂದ ₹14.38 ಲಕ್ಷ ಕೋಟಿಗೆ, ಅಂದರೆ ಶೇ 14ರಷ್ಟು ಏರಬೇಕಿತ್ತು, ಅದೂ ₹12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದು ₹1 ಲಕ್ಷ ಕೋಟಿ ಬಿಟ್ಟುಕೊಟ್ಟ ಅದೇ ಬಜೆಟ್‌ನಲ್ಲಿ. ಒಟ್ಟು ಅನುಪಾತ ಮಾತ್ರ ನೋಡಿದವರಿಗೆ ಈ ಬಿಗಿ ಕಾಣುವುದಿಲ್ಲ.

2021ರ ಜನವರಿಯಲ್ಲಿ ಬಂದ ಬಜೆಟ್ ಆ್ಯಪ್ ಫೆಬ್ರುವರಿ ಒಂದರಂದು ಮೊಬೈಲ್‌ನಲ್ಲಿ ತಿರುವಿ ಹಾಕಲು ಸಾಕು. ಇಂಗ್ಲಿಷ್ ಮತ್ತು ಹಿಂದಿ ಮಾತ್ರ, ಕನ್ನಡ ಇಲ್ಲ. ಅಂಕಿ ಕೆಲಸಕ್ಕೆ ಅದು ಆಗದು, ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆಯುವುದೇ ಸರಿ. ಸಿಜಿಎ ಲೆಕ್ಕವೂ ಕನ್ನಡದಲ್ಲಿ ಸಿಗುವುದಿಲ್ಲ. ಹದಿನೈದು ಸಾಲಿನ ಹೆಸರನ್ನು ಒಮ್ಮೆ ಕನ್ನಡದಲ್ಲಿ ಬರೆದಿಟ್ಟುಕೊಂಡರೆ ಮತ್ತೆ ತೊಡಕಿಲ್ಲ.

ಸಿಜಿಎಗೆ ಕೇಳಬೇಕಾದ ಸುಧಾರಣೆ ಎರಡು. ಬಿಡಿ ತಿಂಗಳ ಅಂಕಿಯ ಕಾಲಂ ಒಂದನ್ನು ಮುಖ್ಯ ಪುಟಕ್ಕೇ ಸೇರಿಸಬೇಕು. ಎಲ್ಲರೂ ಮನೆಯಲ್ಲಿ ಕೂತು ಕಳೆಯುವ ಲೆಕ್ಕವನ್ನು ಅವರೇ ಮಾಡಿಕೊಟ್ಟರೆ ಅರ್ಧ ತಪ್ಪು ಸುದ್ದಿ ನಿಲ್ಲುತ್ತದೆ. ರಾಜ್ಯಗಳಿಗೆ ಆ ತಿಂಗಳು ಎಷ್ಟು ಕಂತು ಹೋಯಿತು ಎಂಬುದನ್ನು ನಿವ್ವಳ ತೆರಿಗೆಯ ಪಕ್ಕದಲ್ಲೇ ನಮೂದಿಸಬೇಕು. ನಿಖರತೆಗೆ ಐದಕ್ಕೆ ಐದು, ಸಮಯಪಾಲನೆಗೆ ನಾಲ್ಕು, ಪುಟದ ವಿನ್ಯಾಸಕ್ಕೆ ಎರಡೂವರೆ.